ಕಿಸೆನೊಸಾತೊ ಆ ಮಾರ್ಚ್‌ನಲ್ಲಿ ಕಣದಿಂದ ಹಿಂದೆ ಸರಿಯಬೇಕಿತ್ತೇ?

ಪ್ರಶ್ನೆ: ಹಾಸನದ ಗರಡಿಯವ

ಎಲ್ಲರಿಗೂ ನಮಸ್ಕಾರ. ಜಪಾನಿನ ಸುಮೋ ಮಲ್ಲ ಕಿಸೆನೊಸಾತೊ ಅವರ ಬಗ್ಗೆ ನಮ್ಮ ಗರಡಿಯಲ್ಲಿ ಎದ್ದಿರುವ ಒಂದು ವಾದವನ್ನು ತಿಳಿದವರ ಮುಂದಿಡುತ್ತಿದ್ದೇನೆ. ಸುಮೋದ ಅತಿ ಎತ್ತರದ ಪದವಿಯಾದ ಯೊಕೊಜುನಾ ಪಟ್ಟಕ್ಕೆ ಅವರು ಏರಿದ್ದು 2017ರ ಜನವರಿಯಲ್ಲಿ, ಕುಸ್ತಿ ಬಿಟ್ಟದ್ದು 2019ರ ಜನವರಿಯಲ್ಲಿ. ಆ ಎರಡು ವರ್ಷಗಳಲ್ಲಿ ಗೆದ್ದ ಕುಸ್ತಿಗಳು 36, ಸೋತವೂ 36, ಗೈರುಹಾಜರಾದ ದಿನಗಳು 97. ಇಡೀ ಜೀವಮಾನದಲ್ಲಿ ಅಗ್ರ ಶ್ರೇಣಿಯ ಪಂದ್ಯಾವಳಿ ಗೆದ್ದದ್ದು ಎರಡೇ ಸಲ. ಅದೇ ಕಾಲದ ಹಾಕುಹೊ 45 ಸಲ ಗೆದ್ದವರು. ಹೀಗಿದ್ದೂ ಜಪಾನಿನ ಜನ ಇವರನ್ನು ಅಷ್ಟೊಂದು ಹಚ್ಚಿಕೊಂಡದ್ದು ಏಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದೇ ಜಗಳಕ್ಕೆ ಕಾರಣವಾದದ್ದು. 2017ರ ಮಾರ್ಚ್ ಪಂದ್ಯಾವಳಿಯಲ್ಲಿ ಗಾಯಗೊಂಡ ದಿನವೇ ಅವರು ಹಿಂದೆ ಸರಿದಿದ್ದರೆ ಇನ್ನೂ ನಾಲ್ಕಾರು ವರ್ಷ ಆಡಬಹುದಿತ್ತು ಎಂದು ನಮ್ಮ ಹುಡುಗರು ಹೇಳುತ್ತಾರೆ. ಉಸ್ತಾದರು ಇದನ್ನು ಸುತರಾಂ ಒಪ್ಪುವುದಿಲ್ಲ. ಪಟ್ಟ ಕಟ್ಟಿಸಿಕೊಂಡವನು ನಿಂತ ಕಾಲಿನಲ್ಲಿ ಸೋಲಬಹುದೇ ಹೊರತು ಮನೆಗೆ ಹೋಗಬಾರದು ಎನ್ನುತ್ತಾರೆ. ತಮ್ಮೆಲ್ಲರ ಅಭಿಪ್ರಾಯವೇನು?

ಉತ್ತರ: ಚಿಕ್ಕಮಗಳೂರಿನ ಓದುಗ

ಸ್ವಾಮಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅವರು ಪಟ್ಟಕ್ಕೇರಿದ ಹೊತ್ತಿನ ಜಪಾನನ್ನು ನೋಡಬೇಕು. 2003ರ ಜನವರಿಯಲ್ಲಿ ಯೊಕೊಜುನಾ ತಾಕಾನೊಹಾನಾ ನಿವೃತ್ತರಾದ ಮೇಲೆ ಹದಿನಾಲ್ಕು ವರ್ಷಗಳ ಕಾಲ ಜಪಾನಿನ ಮಣ್ಣಿನಲ್ಲಿ ಹುಟ್ಟಿದ ಒಬ್ಬನೇ ಒಬ್ಬ ಯೊಕೊಜುನಾ ಇರಲಿಲ್ಲ. ಆ ಅವಧಿಯಲ್ಲಿ ಪಟ್ಟ ಪಡೆದ ಅಸಾಶೋರ್ಯು, ಹಾಕುಹೊ, ಹರುಮಾಫುಜಿ, ಕಾಕುರ್ಯು, ಈ ನಾಲ್ವರೂ ಮಂಗೋಲಿಯಾದಿಂದ ಬಂದವರು. ಅಷ್ಟೇ ಅಲ್ಲ, 2006ರ ಜನವರಿಯಿಂದ 2016ರ ಜನವರಿಯವರೆಗೆ ಜಪಾನಿನಲ್ಲಿ ಹುಟ್ಟಿದ ಯಾವ ಮಲ್ಲನೂ ಅಗ್ರ ಶ್ರೇಣಿಯ ಪ್ರಶಸ್ತಿಯನ್ನೇ ಗೆದ್ದಿರಲಿಲ್ಲ. ತಮ್ಮ ನೆಲದ ಕುಸ್ತಿಯಲ್ಲಿ ತಮ್ಮವನೊಬ್ಬ ಗೆಲ್ಲಲಿ ಎಂದು ಜನ ಹತ್ತು ವರ್ಷ ಕಾದ ಕಾಲ ಅದು.

ಆ ಹತ್ತು ವರ್ಷವೂ ಗೆಲುವಿನ ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಿದ್ದವರು ಕಿಸೆನೊಸಾತೊ. ಮೊದಲ ಪ್ರಶಸ್ತಿ ಕೈಗೆ ಬರುವ ಮುನ್ನ ಹನ್ನೆರಡು ಸಲ ಎರಡನೆಯ ಸ್ಥಾನದಲ್ಲಿ ನಿಂತವರು ಅವರು. 2010ರ ನವೆಂಬರ್‌ನಲ್ಲಿ ಹಾಕುಹೊ ಸತತ 63 ಕುಸ್ತಿಗಳನ್ನು ಗೆದ್ದು, ಫುತಾಬಾಯಾಮಾ ಎಂಬ ಹಳೆಯ ಮಲ್ಲನ 69ರ ದಾಖಲೆಯ ಬೆನ್ನು ಹತ್ತಿದ್ದಾಗ, ಅವರ ಓಟವನ್ನು ತಡೆದದ್ದು ಇವರೇ. 2016ರಲ್ಲಂತೂ ವರ್ಷದ ಆರು ಪಂದ್ಯಾವಳಿಗಳು ಸೇರಿ 69 ಗೆಲುವು ಪಡೆದು ಎಲ್ಲರಿಗಿಂತ ಮುಂದಿದ್ದರೂ ಒಂದು ಪ್ರಶಸ್ತಿಯೂ ಅವರ ಪಾಲಿಗೆ ಬರಲಿಲ್ಲ. ಇಂಥವರು ಮೂವತ್ತರ ವಯಸ್ಸಿನಲ್ಲಿ, ಓಜೆಕಿ ಎಂಬ ಎರಡನೆಯ ಪದವಿಯಲ್ಲಿ 31 ಪಂದ್ಯಾವಳಿಗಳನ್ನು ಕಳೆದ ಮೇಲೆ, 2017ರ ಜನವರಿಯಲ್ಲಿ 14 ಗೆದ್ದು ಒಂದೇ ಸೋತು ಕಪ್ ಎತ್ತಿದರೆ ಜನ ಸುಮ್ಮನಿರುತ್ತಾರೆಯೇ? ಟೋಕಿಯೋದ ಮೇಜಿ ದೇಗುಲದಲ್ಲಿ ಅವರ ಪಟ್ಟಪ್ರವೇಶದ ವಿಧಿಯನ್ನು ನೋಡಲು ಸುಮಾರು 18,000 ಜನ ಸೇರಿದ್ದರು.

ಇನ್ನೊಂದು ಮಾತನ್ನೂ ಸೇರಿಸಬೇಕು. ಹೈಸ್ಕೂಲಿಗೂ ಹೋಗದೆ ಹದಿನೈದರ ವಯಸ್ಸಿಗೆ ನರುತೊ ಎಂಬ ಗರಡಿ ಸೇರಿದ ಹುಡುಗ ಅವರು. ಅಲ್ಲಿನ ಗುರು, ಹಿಂದಿನ ಯೊಕೊಜುನಾ ತಾಕಾನೊಸಾತೊ, ಶಿಷ್ಯರನ್ನು ಬೇರೆ ಗರಡಿಯವರೊಡನೆ ಸಲುಗೆಯಿಂದ ಬೆರೆಯಲೂ ಬಿಡದಷ್ಟು ಕಟ್ಟುನಿಟ್ಟಿನವರು. 2002ರಲ್ಲಿ ಕಣಕ್ಕಿಳಿದಂದಿನಿಂದ ಆ ಮಾರ್ಚ್‌ವರೆಗೆ, ಹದಿನೈದು ವರ್ಷಗಳಲ್ಲಿ, ಕಿಸೆನೊಸಾತೊ ತಪ್ಪಿಸಿಕೊಂಡದ್ದು 2014ರ ಜನವರಿ ಪಂದ್ಯಾವಳಿಯ ಕೊನೆಯ ಒಂದು ದಿನ ಮಾತ್ರ. ನೀವು ಬರೆದ 97 ದಿನಗಳ ಪಕ್ಕದಲ್ಲಿ ಈ ಒಂದು ದಿನವನ್ನೂ ಇಟ್ಟು ನೋಡಬೇಕೆಂದು ನನ್ನ ವಿನಂತಿ.

ಉತ್ತರ: ಸಕಲೇಶಪುರದಿಂದ, ದೈಹಿಕ ಶಿಕ್ಷಕ

ಹುಡುಗರ ಪರವಾಗಿ ಎರಡು ಮಾತು ಹೇಳುತ್ತೇನೆ. ಹದಿನೈದು ದಿನಗಳ ಆ ಪಂದ್ಯಾವಳಿ ನಡೆದದ್ದು ಒಸಾಕಾದಲ್ಲಿ. ಮೊದಲ ಹನ್ನೆರಡು ದಿನ ಕಿಸೆನೊಸಾತೊ ಸೋತಿರಲೇ ಇಲ್ಲ. ಹದಿಮೂರನೆಯ ದಿನ ಹರುಮಾಫುಜಿ ಅವರನ್ನು ರಭಸದಿಂದ ಕಣದಾಚೆಗೆ ನೂಕಿದಾಗ ಎಡ ಎದೆಯ ಸ್ನಾಯುವಿಗೂ ಮೇಲ್ತೋಳಿಗೂ ಪೆಟ್ಟಾಯಿತು. ಅವರು ಎಡಗೈಯ ಮಲ್ಲ. ಎದುರಾಳಿಯ ತೋಳನ್ನು ಕೆಳಗಿನಿಂದ ಅದುಮಿ ಹಿಡಿದು, ಎಡಗೈಯನ್ನು ಒಳಗೆ ಸೇರಿಸಿ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಒಯ್ಯುವುದೇ ಅವರ ಮುಖ್ಯ ಪಟ್ಟು. ಆ ಪಟ್ಟೆಲ್ಲ ನಿಂತದ್ದು ಯಾವ ಸ್ನಾಯುವಿನ ಮೇಲೋ ಅದಕ್ಕೇ ಪೆಟ್ಟು ಬಿದ್ದಿತು. ಮರುದಿನ ಕಾಕುರ್ಯು ಎದುರು ಅವರು ಕೈಯನ್ನೇ ಎತ್ತಲಾಗದವರಂತೆ ಸೋತರು.

ಕೊನೆಯ ದಿನದ ಕುಸ್ತಿಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಡ ಹೆಗಲಿನಿಂದ ಎದೆಯವರೆಗೆ ದಪ್ಪನೆಯ ಪಟ್ಟಿ ಸುತ್ತಿಕೊಂಡು ಬಂದಿದ್ದರು. ಎದುರಿಗಿದ್ದ ತೆರುನೊಫುಜಿ ಒಂದು ಗೆಲುವಿನಿಂದ ಮುಂದಿದ್ದುದರಿಂದ, ಪ್ರಶಸ್ತಿ ಬೇಕಾದರೆ ಅದೇ ಮಲ್ಲನನ್ನು ಒಂದೇ ದಿನ ಎರಡು ಸಲ ಸೋಲಿಸಬೇಕಿತ್ತು. ಮೊದಲ ಕುಸ್ತಿಯಲ್ಲಿ ಹಿಮ್ಮೆಟ್ಟುತ್ತ ಬಂದು, ಬಲಗೈಯಿಂದ ಪಕ್ಕಕ್ಕೆ ಒತ್ತಿ ಕೆಡವಿದರು. ನಿರ್ಣಾಯಕ ಕುಸ್ತಿಯಲ್ಲಿ ಕಣದ ಅಂಚಿನವರೆಗೆ ತಳ್ಳಿಸಿಕೊಂಡು, ಇನ್ನೇನು ಹೊರಬಿದ್ದರು ಎನ್ನುವಷ್ಟರಲ್ಲಿ ಎದುರಾಳಿಯ ತೋಳನ್ನು ಬಲಗೈಯಲ್ಲಿ ಲಾಕ್ ಮಾಡಿ ತಿರುಗಿಸಿ ಎಸೆದರು. ಎರಡರಲ್ಲಿಯೂ ಎಡಗೈಗೆ ಕೆಲಸವೇ ಇರಲಿಲ್ಲ. ರಾಷ್ಟ್ರಗೀತೆಯ ಹೊತ್ತಿಗೆ ಅವರ ಕಣ್ಣಲ್ಲಿ ನೀರು.

ನೋಡುವವರಿಗೆ ಅದು ರೋಮಾಂಚನ ಹುಟ್ಟಿಸುವ ದೃಶ್ಯ, ನಿಜ. ಆದರೆ ಸ್ನಾಯು ಹರಿದ ಮಗುವನ್ನು ಮೂರನೆಯ ದಿನ ಆಟಕ್ಕಿಳಿಸಿದ ಶಿಕ್ಷಕನನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಹೊಗಳುವುದಿಲ್ಲ, ಹೊಗಳಬಾರದು. ಮುಂದಿನ ಎಂಟು ಪಂದ್ಯಾವಳಿಗಳಲ್ಲಿ ಅವರು ಒಂದೋ ಪೂರ್ತಿಯಾಗಿ ಗೈರು, ಇಲ್ಲವೇ ಅರ್ಧಕ್ಕೇ ವಾಪಸ್. ಆ ಎಡಗೈ ಮೊದಲಿನ ಬಲಕ್ಕೆ ಮರಳಲೇ ಇಲ್ಲ.

ಉತ್ತರ: ಅರಸೀಕೆರೆಯವ

ಮೇಷ್ಟ್ರೇ, ತಮ್ಮ ಕಳಕಳಿಯನ್ನು ಒಪ್ಪುತ್ತೇನೆ. ಆದರೆ ಹಿಂದೆ ಸರಿಯುವುದು ಆ ವ್ಯವಸ್ಥೆಯಲ್ಲಿ ಎಷ್ಟು ದುಬಾರಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಮೋದಲ್ಲಿ ಗೈರುಹಾಜರಿಯೂ ಸೋಲಿನ ಲೆಕ್ಕಕ್ಕೇ ಸೇರುತ್ತದೆ. ಹದಿನೈದು ದಿನಗಳಲ್ಲಿ ಎಂಟು ಗೆಲುವು ಸಿಗದಿದ್ದರೆ ಮುಂದಿನ ಪಟ್ಟಿಯಲ್ಲಿ ಸ್ಥಾನ ಕುಸಿಯುತ್ತದೆ. ಕಣದಲ್ಲಿಯೇ ಗಾಯಗೊಂಡವರ ಸ್ಥಾನವನ್ನು ಕಾಯುವ ಒಂದು ನಿಯಮ 1972ರಿಂದ ಇತ್ತು; ಅದು ದುರುಪಯೋಗವಾಗುತ್ತಿದೆಯೆಂದು 2004ರಿಂದ ಕೈಬಿಟ್ಟರು. ಅಗ್ರ ಎರಡು ಶ್ರೇಣಿಗಳ ಸುಮಾರು ಎಪ್ಪತ್ತು ಮಂದಿಗೆ ಮಾತ್ರ ಸಂಬಳವಿರುವ ಕಡೆ, ಗಾಯದ ಮೇಲೆಯೇ ಆಡುವುದು ಮಲ್ಲರಿಗೆ ಅಭ್ಯಾಸವಾಗಿಬಿಟ್ಟಿದೆ.

ಯೊಕೊಜುನಾ ವಿಷಯದಲ್ಲಿ ಇದು ಬೇರೆಯೇ ರೂಪ ಪಡೆಯುತ್ತದೆ. ಅವರನ್ನು ಕೆಳಗಿಳಿಸುವ ನಿಯಮವೇ ಇಲ್ಲ. ಸೋತರೂ, ಗೈರಾದರೂ ಪಟ್ಟ ಹಾಗೆಯೇ ಇರುತ್ತದೆ. ಆ ಪಟ್ಟಕ್ಕೆ ತಕ್ಕಂತೆ ಗೆಲ್ಲಲಾಗದ ದಿನ ಅವರು ತಾವಾಗಿಯೇ ನಿವೃತ್ತರಾಗಬೇಕು. ನಮ್ಮಲ್ಲಿ ದಸರಾ ಕಂಠೀರವ ಬಿರುದು ಗೆದ್ದವರು ಮರುವರ್ಷ ಮೈಸೂರಿನ ಕಣಕ್ಕೆ ಬರದಿದ್ದರೂ ಬಿರುದಿಗೆ ಕುಂದು ಬರುವುದಿಲ್ಲ. ಅಲ್ಲಿ ಬಿರುದೇ ಒಂದು ಹುದ್ದೆ, ಅದಕ್ಕೆ ದಿನವೂ ಉತ್ತರ ಕೊಡಬೇಕು. ಮಾರ್ಚ್ 2017 ಅವರು ಯೊಕೊಜುನಾ ಆಗಿ ಆಡಿದ ಮೊದಲ ಪಂದ್ಯಾವಳಿ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಇದರ ಮುಂದೆ ಅದೇ ತೆರುನೊಫುಜಿಯವರ ಕತೆಯನ್ನು ನೋಡಿ. ಮಂಡಿನೋವು ಮತ್ತು ಸಕ್ಕರೆ ಕಾಯಿಲೆಯಿಂದ ಅವರು ಓಜೆಕಿ ಪದವಿಯನ್ನು ಕಳೆದುಕೊಂಡು, 2019ರ ಮಾರ್ಚ್ ಹೊತ್ತಿಗೆ ಕೆಳಗಿನಿಂದ ಎರಡನೆಯ ಶ್ರೇಣಿಯಾದ ಜೊನಿದಾನ್‌ಗೆ ಇಳಿದರು. ಅಲ್ಲಿ ಹರೆಯದ ಹುಡುಗರೊಡನೆ ಸೆಣಸಿ, ಒಂದೊಂದೇ ಮೆಟ್ಟಿಲು ಹತ್ತಿ, 2020ರ ಜುಲೈನಲ್ಲಿ ಅಗ್ರ ಶ್ರೇಣಿಗೆ ಮರಳಿದ ಪಂದ್ಯಾವಳಿಯಲ್ಲಿಯೇ ಪ್ರಶಸ್ತಿ ಗೆದ್ದರು. ಮರುವರ್ಷ ಅವರೂ ಯೊಕೊಜುನಾ ಆದರು. ಒಟ್ಟು ಹತ್ತು ಪ್ರಶಸ್ತಿಗಳು. ಬೀಳುವುದಕ್ಕೆ ಅವಕಾಶವಿದ್ದುದರಿಂದಲೇ ಅವರು ಮೈ ಸುಧಾರಿಸಿಕೊಳ್ಳಲು ಸಾಧ್ಯವಾಯಿತು. ಕಿಸೆನೊಸಾತೊಗೆ ಆ ಅವಕಾಶ ಇರಲಿಲ್ಲ. ಅವರು ಓಜೆಕಿಯಾಗಿಯೇ ಉಳಿದಿದ್ದರೆ ಬಹುಶಃ ಇಂದು ಈ ಪ್ರಶ್ನೆಯನ್ನೇ ನೀವು ಕೇಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮರುಪ್ರಶ್ನೆ: ಹಾಸನದ ಗರಡಿಯವ

ತುಂಬಾ ಉಪಕಾರವಾಯಿತು. ಉಸ್ತಾದರಿಗೆ ಓದಿ ಹೇಳಿದೆ. ತೆರುನೊಫುಜಿಯವರ ವಿಷಯಕ್ಕೆ ಮಾತ್ರ ತಲೆದೂಗಿದರು. ಹಾಗಿದ್ದರೆ ಎಂಟು ಪಂದ್ಯಾವಳಿಗಳವರೆಗೆ ಜಪಾನಿನವರು ಇವರನ್ನು ಸಹಿಸಿಕೊಂಡದ್ದು ಹೇಗೆ? ನಿವೃತ್ತಿಯ ನಂತರ ಅವರೇನು ಮಾಡುತ್ತಿದ್ದಾರೆ?

ಉತ್ತರ: ಮೂಡಿಗೆರೆಯಿಂದ

ಸಹಿಸಿಕೊಂಡದ್ದಕ್ಕೆ ಕಾರಣವನ್ನು ಚಿಕ್ಕಮಗಳೂರಿನ ಹಿರಿಯರು ಮೇಲೆ ಹೇಳಿಯೇ ಇದ್ದಾರೆ: ಅಷ್ಟು ವರ್ಷ ಕಾದು ಪಡೆದವರನ್ನು ಕಳಿಸಿಕೊಡಲು ಯಾರಿಗೂ ಮನಸ್ಸಿರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂದು 10 ಗೆದ್ದು 5 ಸೋತಾಗ ಎಲ್ಲರಿಗೂ ಉಸಿರು ಬಂದಂತಾಯಿತು. ನವೆಂಬರ್‌ನಲ್ಲಿ ಮೊದಲ ನಾಲ್ಕೂ ಕುಸ್ತಿಗಳನ್ನು ಸೋತು ಹೊರನಡೆದರು. ಯೊಕೊಜುನಾಗಳ ನಡವಳಿಕೆಯನ್ನು ಪರಿಶೀಲಿಸುವ ಮಂಡಳಿ ಆಗ ಔಪಚಾರಿಕ ನಿರ್ಣಯ ಕೈಗೊಂಡಿತು. ಅದರ ಭಾಷೆ ಪ್ರೋತ್ಸಾಹದ್ದು, ಆದರೆ ಬಂದ ದಿಕ್ಕಿನಿಂದಾಗಿ ಎಚ್ಚರಿಕೆಯಂತೆಯೇ ಕೇಳಿಸಿತು. ಜನವರಿಯಲ್ಲಿ ಮೂರು ಸೋಲು. ನಾಲ್ಕನೆಯ ದಿನ, 2019ರ ಜನವರಿ 16ರಂದು, ನಿವೃತ್ತಿ ಘೋಷಿಸಿದರು.

ಆಮೇಲಿನ ಕತೆ ನನಗೆ ಇನ್ನೂ ಕುತೂಹಲದ್ದು. ಹೈಸ್ಕೂಲಿಗೆ ಹೋಗದ ಮನುಷ್ಯ ವಸೇಡಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದರು. ಬರೆದ ಪ್ರಬಂಧ ಸುಮೋ ಗರಡಿಗಳನ್ನು ನಡೆಸುವ ಬಗೆಯನ್ನು ಕುರಿತದ್ದು. 2021ರಲ್ಲಿ ಸ್ವಂತ ಗರಡಿ ಕಟ್ಟಿದರು. ನಿಶೊನೊಸೆಕಿ ಎಂಬ ಹೆಸರಿನ ಆ ಗರಡಿ ಈಗ ಇರುವುದು ಅವರು ಬೆಳೆದ ಸೀಮೆ ಇಬರಾಕಿಯ ಆಮಿ ಎಂಬ ಊರಿನಲ್ಲಿ. ಒಂದೇ ಕಣವಿದ್ದರೆ ಇಬ್ಬರು ಸೆಣಸುವಾಗ ಉಳಿದವರೆಲ್ಲ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಅವರು ಎರಡು ಕಣಗಳನ್ನು ಮಾಡಿಸಿದ್ದಾರೆ. ಹಾಸನದವರು ಇದನ್ನು ಗಮನಿಸಬಹುದು, ಜಾಗವಿದ್ದರೆ.

ಆ ಗರಡಿಯಲ್ಲಿ ಬೆಳೆದ ಒನೊಸಾತೊ 2023ರ ಮೇ ತಿಂಗಳಲ್ಲಿ ವೃತ್ತಿಪರ ಕಣಕ್ಕಿಳಿದು, ಬರೇ ಹದಿಮೂರು ಪಂದ್ಯಾವಳಿಗಳಲ್ಲಿ, 2025ರ ಮೇ ತಿಂಗಳ ಗೆಲುವಿನೊಂದಿಗೆ 75ನೆಯ ಯೊಕೊಜುನಾ ಆದರು. ಗುರುವಿನ ನಂತರ ಜಪಾನಿನಲ್ಲಿ ಹುಟ್ಟಿ ಆ ಪಟ್ಟಕ್ಕೇರಿದ ಮೊದಲಿಗರು ಇವರೇ. ನಿಮ್ಮ ಗರಡಿಯ ವಾದಕ್ಕೆ ನೇರವಾಗಿ ತಾಗುವ ಸಂಗತಿ ಅದೇ ವರ್ಷದ ನವೆಂಬರ್‌ನಲ್ಲಿ ನಡೆಯಿತು. ಹದಿನಾಲ್ಕು ದಿನ ಮುಗಿದಾಗ ಒನೊಸಾತೊ 11 ಗೆಲುವಿನೊಂದಿಗೆ ಇನ್ನಿಬ್ಬರ ಜೊತೆ ಅಗ್ರಸ್ಥಾನದಲ್ಲಿದ್ದರು. ಒಂದು ದಿನ ಆಡಿದ್ದರೆ ಪ್ರಶಸ್ತಿ ಸಿಗುವ ಸಾಧ್ಯತೆ ಇತ್ತು. ಅವರ ಎಡ ಹೆಗಲಿಗೆ ಪೆಟ್ಟಾಗಿತ್ತು. ಕೊನೆಯ ದಿನ ಅವರು ಕಣಕ್ಕಿಳಿಯಲಿಲ್ಲ.