ಶೇ 34 ಇದ್ದಾಗಲೇ ಆರಿದ ಲ್ಯಾಪ್‌ಟಾಪ್: ನಮ್ಮ ಮನೆಯ ಗುಂಪಿನ ಪಂಚಾಯಿತಿ

*ಶನಿವಾರ*

ದೊಡ್ಡಪ್ಪ (ಅನೇಕ ಬಾರಿ ರವಾನೆಯಾದದ್ದು): ಎಚ್ಚರಿಕೆ! ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಬ್ಯಾಟರಿ ತಪ್ಪು ಅಂಕಿ ತೋರಿಸಿ ಹಾಳಾಗುತ್ತದೆ. ವಾರಕ್ಕೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ರಘು, ನೋಡಿದೆಯಾ? ದಸರೆಗೆ ಬಂದವನು ನನ್ನ ಲ್ಯಾಪ್‌ಟಾಪ್‌ಗೆ ಇದನ್ನೇ ಹಾಕಿ ಹೋದೆ. ನಿನ್ನೆ ಸಂಘದ ಲೆಕ್ಕ ಬರೆಯುತ್ತಿದ್ದೆ. ಶೇ 34 ಇತ್ತು. ಕಣ್ಣು ಮಿಟುಕಿಸುವುದರೊಳಗೆ ಆರಿಹೋಯಿತು.

ನಾನು: ಇದನ್ನು ಬರೆದವರಿಗೆ ಲಿನಕ್ಸ್ ಮೇಲೆ ಯಾವ ಜನ್ಮದ ಹಗೆಯೋ! ಲೆಕ್ಕ ಇಡುವುದು ಬ್ಯಾಟರಿಯೊಳಗಿನ ಚಿಪ್. ಲಿನಕ್ಸ್ ಅದನ್ನು ಓದಿ ಹೇಳುತ್ತದೆ, ಅಷ್ಟೆ. ವಿಂಡೋಸ್ ಕೇಳುವುದೂ ಆ ಚಿಪ್ಪನ್ನೇ.

ಸುಮಾ ಅತ್ತೆ: ವಿಂಡೋಸ್ ಇದ್ದಾಗ ಎರಡು ವರ್ಷ ಒಮ್ಮೆಯೂ ಹೀಗಾಗಲಿಲ್ಲವಲ್ಲ?

ನಾನು: ಚಾರ್ಜರ್ ಕಿತ್ತರೆ ತಾನೇ ಆಗುವುದು, ಅತ್ತೆ? ದಿವಾನದ ಪಕ್ಕದ ಪ್ಲಗ್ಗಿಗೆ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಬಿದ್ದಿತ್ತು.

ದೊಡ್ಡಪ್ಪ: ಈಗ ಚುರುಕಾಗಿದೆ, ಜಗುಲಿಗೆ ಎತ್ತಿಕೊಂಡು ಹೋಗಿ ಎಂದವನು ನೀನೇ.

ವಿನಯಣ್ಣ: ಜಗಳ ಆಮೇಲೆ. ಅಪ್ಪ, ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಬ್ಯಾಟರಿಯ ವಿವರ ತೋರಿಸುವ ಯುಪವರ್ ಓಡಿಸಿ ಪರದೆಯ ಫೋಟೊ ಹಾಕು. ಹೇಗೆಂದು ನಿನಗೊಬ್ಬನಿಗೇ ಬರೆದು ಕಳುಹಿಸಿದ್ದೇನೆ.

ದೊಡ್ಡಪ್ಪ: 📷 ಎನರ್ಜಿ ಫುಲ್ ಡಿಸೈನ್, ಅಂದರೆ ಹೊಸದರಲ್ಲಿ ಹಿಡಿಯುತ್ತಿದ್ದದ್ದು, 50 ವಾಟ್ ಅವರ್. ಎನರ್ಜಿ ಫುಲ್, ಅಂದರೆ ಈಗ ಹಿಡಿಯುವುದು, 47. ಅಂದರೆ ಬ್ಯಾಟರಿ ಶೇ 94 ಗಟ್ಟಿಯಾಗಿದೆ. ಬ್ಯಾಂಕಿನಲ್ಲಿ ಜೀವಮಾನ ಕಳೆದವನಿಗೆ ಲೆಕ್ಕ ಹೇಳಿಕೊಡಬೇಡ.

ನಾನು: ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. 47 ಎನ್ನುವುದು ಪುಸ್ತಕದ ಅಂಕಿ, ತಿಜೋರಿಯ ನಗದಲ್ಲ. ಒಳಗೆ ಹೋದದ್ದು, ಹೊರಗೆ ಬಂದದ್ದನ್ನು ಚಿಪ್ ಎಣಿಸುತ್ತಾ ಇರುತ್ತದೆ. ಬ್ಯಾಟರಿ ಪೂರ್ತಿ ತುಂಬಿ, ಪೂರ್ತಿ ಬರಿದಾದದ್ದನ್ನು ಕಂಡಾಗ ಸಾಮಾನ್ಯವಾಗಿ ತಾಳೆ ನೋಡಿಕೊಳ್ಳುತ್ತದೆ. ಎರಡು ವರ್ಷ ತಳ ಕಾಣದೆ ತಾಳೆಯೂ ಆಗಿಲ್ಲ. ಸೆಲ್ ಸವೆಯಿತು, ಅಂಕಿ ಹಾಗೇ ಉಳಿಯಿತು.

ಸುಮಾ ಅತ್ತೆ: ವೋಲ್ಟೇಜ್ ನೋಡಿಯೇ ಹೇಳಬಾರದೇ?

ವಿನಯಣ್ಣ: ಲಿಥಿಯಂ ಸೆಲ್ಲಿನ ವೋಲ್ಟೇಜ್ ನಡುವೆ ಬಹಳ ನಿಧಾನವಾಗಿ ಇಳಿಯುತ್ತದೆ, ಕೊನೆಯಲ್ಲಿ ಒಮ್ಮೆಲೇ ಜಾರುತ್ತದೆ. ಅದನ್ನೊಂದನ್ನೇ ನಂಬಿದರೆ ಅಂದಾಜು ತಪ್ಪುತ್ತದೆ.

ಸುಮಾ ಅತ್ತೆ: ಹಾಗಾದರೆ ಸೊನ್ನೆಗೆ ಇಳಿಸಿ ಎಂದ ಆ ಸಂದೇಶವೇ ಸರಿ! ಸಿಕ್ಕಿಬಿದ್ದೆಯಲ್ಲ ರಘು.

ನಾನು: ಅರ್ಧ ಮಾತ್ರ. ಇಳಿಸಬೇಕಾದದ್ದು ಒಮ್ಮೆ, ವಾರವಾರವಲ್ಲ. ಪದೇ ಪದೇ ತಳ ಕಂಡರೆ ಲಿಥಿಯಂ ಬೇಗ ಸವೆಯುತ್ತದೆ. ದೊಡ್ಡಪ್ಪ, ಮೊದಲು ಲ್ಯಾಪ್‌ಟಾಪ್ ತಿರುಗಿಸಿ ನೋಡಿ. ತಳ ಉಬ್ಬಿದ್ದರೆ ಚಾರ್ಜಿಗೇ ಹಾಕಬೇಡಿ, ಅಂಗಡಿಗೆ ಒಯ್ಯಿರಿ. ಇಲ್ಲವಾದರೆ ಪೂರ್ತಿ ತುಂಬಿಸಿ, ಒಂದೆರಡು ಗಂಟೆ ಬಿಟ್ಟು ಚಾರ್ಜರ್ ತೆಗೆಯಿರಿ. ಆಮೇಲೆ ಲಿನಕ್ಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯೋಸ್ ಎಂಬ ಸೆಟ್ಟಿಂಗ್ಸ್ ಪರದೆಗೆ ಹೋಗಿ, ತಾನಾಗಿ ಆರುವವರೆಗೆ ಮುಟ್ಟಬೇಡಿ. ಅಲ್ಲಿ ನಿಮ್ಮ ಆರೋಪಿ ಲಿನಕ್ಸ್ ಓಡುತ್ತಿರುವುದಿಲ್ಲ, ಚಾರ್ಜ್ ಕಡಿಮೆಯಾಯಿತೆಂದು ನಡುವೆ ಮಲಗಿಸುವವರೂ ಇಲ್ಲ. ಆರಿದ ಮೇಲೆ ಮತ್ತೆ ಶೇ 100 ತುಂಬಿಸಿ.

*ಭಾನುವಾರ*

ದೊಡ್ಡಪ್ಪ: 📷 ಏನು ಮಾಡಿಟ್ಟೆಯೋ! ಎನರ್ಜಿ ಫುಲ್ 31. ಶೇ 94 ಇದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಶೇ 62. ನನ್ನ 16 ವಾಟ್ ಅವರ್ ಯಾರು ತಿಂದರು?

ನಾನು: 47ರಲ್ಲಿ ಶೇ 34 ಎಷ್ಟು?

ದೊಡ್ಡಪ್ಪ: 15.98.

ದೊಡ್ಡಪ್ಪ: ಅಂದರೆ ಮೊನ್ನೆಯೂ ಆ 16 ಇರಲೇ ಇಲ್ಲ.

ಸುಮಾ ಅತ್ತೆ: ವಸೂಲಾಗದ ಸಾಲ ಎಂದು ಬರೆದುಕೋ ಅಣ್ಣ.

ನಾನು: ಇನ್ನು ಮೇಲೆ ಪ್ಲಗ್ಗಿನಲ್ಲೇ ಇಡುವುದಾದರೆ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಮಿತಿ ನಿಮ್ಮ ಮಾದರಿಯಲ್ಲಿ ಇದೆಯೇ ನೋಡುತ್ತೇನೆ. ಆಮೇಲೆ 80ಕ್ಕೇ ನಿಂತಿತು, ಲಿನಕ್ಸ್ ಕೆಟ್ಟಿತು ಎಂದು ಇಲ್ಲಿ ಬರೆಯಬೇಡಿ.

ದೊಡ್ಡಪ್ಪ: ಅದಿರಲಿ. ನಿನ್ನೆಯ ಸಂದೇಶವನ್ನು ಇನ್ನೂ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೇನೆ. ಅಲ್ಲಿ ಏನು ಹೇಳಲಿ?

ವಿನಯಣ್ಣ: ಬ್ಯಾಂಕಿನ ನಿವೃತ್ತರ ಗುಂಪಿಗೂ?

ದೊಡ್ಡಪ್ಪ: ಅಲ್ಲಿಗೇ ಮೊದಲು.