ಸಕ್ಕರೆ ಕಾಯಿಲೆ ಮತ್ತು ನಿಮಿರು ದೌರ್ಬಲ್ಯ: ಗುಳಿಗೆಗಿಂತ ಮೊದಲು ನೋಡಬೇಕಾದದ್ದು

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 47 ವರ್ಷ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಬಿಪಿಗೂ ಗುಳಿಗೆ ತೆಗೆದುಕೊಳ್ಳುತ್ತೇನೆ. ಒಂದು ವರ್ಷದಿಂದ ಶಿಶ್ನ ಸರಿಯಾಗಿ ನಿಮಿರುತ್ತಿಲ್ಲ. ನಿಮಿರಿದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಗಿನ ಜಾವದ ನಿಮಿರುವಿಕೆಯೂ ನಿಂತುಹೋಗಿದೆ, ಆದರೆ ಆಸೆ ಕಡಿಮೆಯಾಗಿಲ್ಲ. ಹೆಂಡತಿ ಏನೂ ಕೇಳದಿದ್ದರೂ ನಾನೇ ನೆಪ ಹೇಳಿ ಬೇರೆ ಮಲಗುತ್ತಿದ್ದೇನೆ. ಗೆಳೆಯರೊಬ್ಬರು ನಿಮಿರುವಿಕೆಗೆಂದು ಸಿಲ್ಡೆನಾಫಿಲ್ ಎಂಬ ಗುಳಿಗೆ ತಂದುಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ನಮಸ್ಕಾರ. ಆ ಗುಳಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮನಸ್ಸಿನ ಒತ್ತಡವೇ ಮುಖ್ಯ ಕಾರಣವಾಗಿದ್ದರೆ ಬೆಳಗಿನ ಜಾವದ ನಿಮಿರುವಿಕೆ ಸಾಮಾನ್ಯವಾಗಿ ಉಳಿದಿರುತ್ತದೆ. ನಿಮ್ಮಲ್ಲಿ ಅದೂ ನಿಂತಿರುವುದರಿಂದ ತೊಂದರೆ ರಕ್ತನಾಳ ಮತ್ತು ನರಗಳಲ್ಲಿರುವ ಸಾಧ್ಯತೆಯೇ ಹೆಚ್ಚು. ನರಗಳ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ಹೊರಬರುವ ನೈಟ್ರಿಕ್ ಆಕ್ಸೈಡ್ ನಾಳಗಳನ್ನು ಸಡಿಲಿಸಿದಾಗ ಶಿಶ್ನಕ್ಕೆ ರಕ್ತ ತುಂಬುತ್ತದೆ, ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಈ ನರವನ್ನೂ ಒಳಪದರವನ್ನೂ ಒಟ್ಟಿಗೇ ಹಾಳುಮಾಡುತ್ತದೆ. ಶಿಶ್ನದ ಅಪಧಮನಿಗಳ ಅಗಲ 1ರಿಂದ 2 ಮಿಲಿಮೀಟರ್, ಹೃದಯದ ಅಪಧಮನಿಗಳದ್ದು 3ರಿಂದ 4 ಮಿಲಿಮೀಟರ್. ಕೊಬ್ಬು ಕಟ್ಟತೊಡಗಿದಾಗ ಸಣ್ಣ ನಾಳವೇ ಮೊದಲು ಸೊರಗುವುದರಿಂದ, ಎಷ್ಟೋ ಮಂದಿಯಲ್ಲಿ ಈ ದೌರ್ಬಲ್ಯವು ಎದೆನೋವಿಗಿಂತ ಕೆಲವು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಇದನ್ನು ವಯಸ್ಸಿನ ಸಹಜ ಬದಲಾವಣೆಯೆಂದು ಬಿಟ್ಟುಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮೂರು ತಿಂಗಳ ಸಕ್ಕರೆಯ ಸರಾಸರಿ, ಕೊಲೆಸ್ಟ್ರಾಲ್, ಬೆಳಿಗ್ಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನು, ಇವಿಷ್ಟನ್ನು ಪರೀಕ್ಷಿಸಿಕೊಳ್ಳಿ. ಬಿಪಿಯ ಕೆಲವು ಔಷಧಿಗಳೂ ಕಾರಣವಾಗಬಲ್ಲವು. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಿಕೊಡಲು ವೈದ್ಯರನ್ನು ಕೇಳಿ. ಬೀಡಿ, ಸಿಗರೇಟಿದ್ದರೆ ಬಿಡಲೇಬೇಕು.

ಮರುಪ್ರಶ್ನೆ: ಹೋದ ವರ್ಷದ ಇಸಿಜಿ ಸರಿಯಾಗಿತ್ತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ತಂದೆಯವರು ನಾಲಿಗೆಯಡಿ ಇಟ್ಟುಕೊಳ್ಳುವ ಗುಳಿಗೆಯನ್ನು ಎರಡು ಸಲ ಬಳಸಿದ್ದೇನೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇದೆ; ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ನಾಲಿಗೆಯಡಿಯ ಆ ಗುಳಿಗೆ ಸಾಮಾನ್ಯವಾಗಿ ನೈಟ್ರೇಟ್, ಅಂದರೆ ರಕ್ತನಾಳಗಳನ್ನು ಸಡಿಲಿಸಿ ಎದೆನೋವು ತಗ್ಗಿಸುವ ಔಷಧಿ, ಆಗಿರುತ್ತದೆ. ಅದರೊಂದಿಗೆ ಸಿಲ್ಡೆನಾಫಿಲ್ ಸೇರಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿದ್ದರೂ ಹೃದಯದ ನಾಳ ಕಿರಿದಾಗಿರಬಹುದು. ತಡಮಾಡದೆ ಈ ವಾರವೇ ಹೃದ್ರೋಗ ತಜ್ಞರನ್ನು ಕಾಣಿರಿ. ಕುಳಿತಿರುವಾಗಲೂ ಎದೆ ಹಿಡಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ‘ಗಿಡಮೂಲಿಕೆ’ ಎಂದು ಮಾರುವ ಶಕ್ತಿವರ್ಧಕಗಳನ್ನೂ ಮುಟ್ಟಬೇಡಿ, ಏಕೆಂದರೆ ಚೀಟಿಯಲ್ಲಿ ನಮೂದಿಸದೆ ಸಿಲ್ಡೆನಾಫಿಲ್ ಬೆರೆಸಿದ್ದು ಅನೇಕ ಸಲ ಪತ್ತೆಯಾಗಿದೆ.

ಹೃದಯಕ್ಕೆ ನೈಟ್ರೇಟ್ ಬೇಕಿಲ್ಲವೆಂದು ತಜ್ಞರು ಒಪ್ಪಿದರೆ ಸಿಲ್ಡೆನಾಫಿಲ್ ಅಥವಾ ಅದೇ ಬಗೆಯ ಟಡಾಲಾಫಿಲ್ ಕೊಡಬಹುದು. ಒಪ್ಪದಿದ್ದರೂ ದಾರಿ ಮುಚ್ಚುವುದಿಲ್ಲ: ಗಾಳಿ ಹೊರಗೆಳೆದು ಶಿಶ್ನಕ್ಕೆ ರಕ್ತ ತುಂಬಿಸುವ ನಿರ್ವಾತ ಪಂಪು, ಶಿಶ್ನಕ್ಕೇ ಕೊಡುವ ಆಲ್ಪ್ರೊಸ್ಟಡಿಲ್ ಚುಚ್ಚುಮದ್ದು, ಯಾವುದೂ ಫಲಿಸದಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಕೃತಕ ಸಾಧನ ಇವೆ. ನಿಮ್ಮ ಪತ್ನಿಯವರಿಗೆ ಇಂದೇ ತಿಳಿಸಿ, ಸಾಧ್ಯವಾದರೆ ಜೊತೆಗೇ ಕರೆದುಕೊಂಡು ಹೋಗಿ. ನೀವು ಬೇರೆ ಮಲಗುವುದಕ್ಕೆ ಅವರು ತಮ್ಮಲ್ಲೇ ಕಾರಣ ಹುಡುಕುತ್ತಿರಬಹುದು.