ಮರ ಹತ್ತೋಕೆ ಸ್ಟಾಟಿಕ್ ಹಗ್ಗವೋ, ಡೈನಾಮಿಕ್ಕೋ?

ಬಸವನಗುಡಿ: ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿಕೊಂಡ ಹದ್ದುಗಳನ್ನ ಬಿಡಿಸೋಕೆ ನಮ್ಮ ತಂಡ ರೈನ್ ಟ್ರೀಗಳನ್ನ ಹತ್ತಬೇಕಾಗುತ್ತೆ. ಬಂಡೆ ಹತ್ತೋ ಗೆಳೆಯರ 10 ಎಂಎಂ ಡೈನಾಮಿಕ್ (ಭಾರಕ್ಕೆ ಹಿಗ್ಗೋ) ಹಗ್ಗ ಇದೆ. ಅದೇ ಸಾಕಾ, ಸ್ಟಾಟಿಕ್ (ಅಷ್ಟಾಗಿ ಹಿಗ್ಗದ್ದು) ಕೊಳ್ಳಬೇಕಾ?

ಯಲಹಂಕ: ಸ್ಟಾಟಿಕ್ ತಗೊಳ್ಳಿ ಸರ್. 11 ಎಂಎಂ, ಲೇಬಲ್ ಮೇಲೆ ಇಎನ್ 1891 ಟೈಪ್ ಎ (ಇಂಥ ಹಗ್ಗಗಳ ಯುರೋಪಿನ ಮಾನದಂಡ) ಅಂತ ಇರಲಿ. ಅದೂ ಹಿಗ್ಗುತ್ತೆ, ಆದರೆ ಶೇ. 5ರ ಒಳಗೆ. ಡೈನಾಮಿಕ್‌ಗೆ 80 ಕೆ.ಜಿ. ಭಾರಕ್ಕೆ ಶೇ. 10ರವರೆಗೂ ಹಿಗ್ಗೋ ಅವಕಾಶ ಇದೆ. ಶೇ. 8 ಅಂತಲೇ ಇಟ್ಟುಕೊಳ್ಳಿ, 15 ಮೀಟರ್ ಎತ್ತರದ ಕೊಂಬೆಯಿಂದ ಇಳಿಬಿಟ್ಟ ಒಂಟಿ ಹಗ್ಗದಲ್ಲಿ ಒಂದು ಮೀಟರ್‌ಗೂ ಜಾಸ್ತಿ ಎಳೆದ ಮೇಲೇ ಕಾಲು ನೆಲ ಬಿಡೋದು. ಆಮೇಲೂ ಪ್ರತಿ ಹೆಜ್ಜೆಗೆ ಜೋಲಿ. ಕೊಂಬೆ ಮೇಲೆ ಹಗ್ಗ ಗರಗಸದ ಥರ ಉಜ್ಜುತ್ತೆ, ತೊಗಟೆನೂ ಹಾಳು, ಹಗ್ಗದ ಹೊರಕವಚನೂ ಹಾಳು.

ರಾಮನಗರ: ಒಂದು ಮಾತು ಸೇರಿಸ್ತೀನಿ. ಹಗ್ಗ ಕಟ್ಟಿದ ಜಾಗಕ್ಕಿಂತ ಮೇಲೆ ಹೋಗೋದಾದ್ರೆ ಸ್ಟಾಟಿಕ್ ಅಪಾಯ. ಒಂದು ಮೀಟರ್ ಬಿದ್ದರೂ ಏಟು ಪೂರ್ತಿ ಸೊಂಟಕ್ಕೆ, ಕೊಂಬೆಗೆ. ಅಲ್ಲಿ ಡೈನಾಮಿಕ್ಕೇ ಬೇಕು.

ಯಲಹಂಕ: ನಿಜ. ಅದಕ್ಕೇ ಸ್ಟಾಟಿಕ್‌ನಲ್ಲಿ ಎರಡು ನಿಯಮ: ಆಂಕರ್, ಅಂದ್ರೆ ಹಗ್ಗ ಕಟ್ಟಿದ ಜಾಗ, ಯಾವಾಗಲೂ ತಲೆ ಮೇಲಿರಬೇಕು, ಹಗ್ಗ ಸಡಿಲ ಬಿಡಬಾರದು. ಮರ ಹತ್ತೋ ಅಮೆರಿಕದ ಬೇಟೆಗಾರರ ವಿಡಿಯೊ ನೋಡಿ 8 ಎಂಎಂ ತರಬೇಡಿ. ಕೈಗೆ ಹಿಡಿತ ಸಿಗಲ್ಲ, ಹಿಡಿಯೋ ಗಂಟೂ ಸರಿಯಾಗಿ ಕೂರಲ್ಲ. 11 ಎಂಎಂ ಹಗ್ಗಕ್ಕೆ 8 ಎಂಎಂ ನೈಲಾನ್ ಕಾರ್ಡಿನ ಪ್ರೂಸಿಕ್ (ಭಾರ ಬಿದ್ದಾಗ ಹಗ್ಗವನ್ನ ಹಿಡಿಯೋ ಗಂಟು), ಮೂರು ಸುತ್ತು. ಹೊಸ ಹಗ್ಗ ನುಣುಪಾಗಿರುತ್ತೆ, ಜಾರಿದರೆ ನಾಲ್ಕನೇ ಸುತ್ತು ಹಾಕಿ. ನೆಲದಿಂದ ಎರಡಡಿ ಎತ್ತರದಲ್ಲೇ ಇದನ್ನ ಪರೀಕ್ಷೆ ಮಾಡ್ಕೊಳ್ಳಿ.

ಜಯನಗರ: ಮಾಂಜಾ ವಿಷಯ ಯಾರೂ ಎತ್ತಲಿಲ್ವಲ್ಲ! ಗಾಜಿನ ಪುಡಿ ಹಚ್ಚಿದ ದಾರ ಬಿಗಿಯಾದ ಹಗ್ಗಕ್ಕೆ ಅಡ್ಡ ಎಳೆದರೆ ಸ್ಟಾಟಿಕ್ಕೋ ಡೈನಾಮಿಕ್ಕೋ, ಎರಡನ್ನೂ ಕೊಯ್ಯುತ್ತೆ. ಮೊದಲು ಕೋಲಿನ ಕೊಕ್ಕೆಯಿಂದ ದಾರ ಸರಿಸಿ. ಹಕ್ಕಿ ಹತ್ತಿರ ತಲುಪಿದ ಮೇಲೆ ಕಾಂಡಕ್ಕೆ ಲ್ಯಾನ್ಯಾರ್ಡ್ (ಸೊಂಟದ ಪಟ್ಟಿಗೆ ಸೇರಿಸೋ ಗಿಡ್ಡ ಹಗ್ಗ) ಬೇರೆಯಾಗಿ ಬಿಗಿದು, ಎರಡು ಕಟ್ಟು ಇರೋ ಹಾಗೆ ನೋಡ್ಕೊಂಡೇ ಕತ್ತರಿ ಎತ್ತಿ. ದಾರ ಕರೆಂಟ್ ತಂತಿಗೂ ಸುತ್ತಿಕೊಂಡಿದ್ದರೆ ಬೆಸ್ಕಾಂನವರು ಲೈನ್ ಆಫ್ ಮಾಡೋವರೆಗೂ ಮುಟ್ಟಲೇಬೇಡಿ. ಹೆಜ್ಜೇನು ಇದೆಯಾ ಅಂತ ಹಗ್ಗ ಎಸೆಯೋಕೆ ಮುಂಚೆ ನೋಡಿ, ಎಸೆದ ಮೇಲಲ್ಲ.

ಮಲ್ಲೇಶ್ವರಂ: ಗುಲ್‌ಮೊಹರ್ ಮತ್ತು ನೇರಳೆ ಕೊಂಬೆ ನಂಬಬೇಡಿ, ಪಟಕ್ಕನೆ ಮುರಿಯುತ್ತೆ. ಯಾವ ಮರ ಆದರೂ ಇಬ್ಬರು ಒಟ್ಟಿಗೆ ಜಗ್ಗಿ ನೋಡಿಯೇ ಒಬ್ಬರು ಹತ್ತಬೇಕು. ಗೆಳೆಯರ ಆ ಹಳೇ ಹಗ್ಗದ ವಯಸ್ಸು ಗೊತ್ತಿಲ್ಲ ಅಂದ್ರೆ ಜೀವಕ್ಕೆ ಬಳಸಬೇಡಿ, ಸಾಮಾನು ಎಳೆಯೋಕೆ ಇಟ್ಕೊಳ್ಳಿ. ಹೊಸದನ್ನ ಬ್ಯಾಟರಿ ಇರೋ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಆಸಿಡ್ ತಗುಲಿದ ನೈಲಾನ್ ನೋಡೋಕೆ ಚೆನ್ನಾಗೇ ಇರುತ್ತೆ, ಭಾರ ಬಿದ್ದಾಗ ತುಂಡಾಗುತ್ತೆ.